ಕೊನೇ ಮೂರು ಪುಟ ಬೇಕಿತ್ತಾ? (ಸ್ಪಾಯಿಲರ್ ತುಂಬಾ ಇದೆ, ಓದಿ ಮುಗಿಸಿದವರು ಮಾತ್ರ ಬನ್ನಿ)

ಹಾಳೆಹುಳ:
ಈ ತಿಂಗಳು ಎಲ್ಲರೂ ಸೇರಿ ಓದೋಣ ಅಂತ ಇಟ್ಕೊಂಡಿದ್ದ ಕಾದಂಬರಿ ನಿನ್ನೆ ರಾತ್ರಿ ಎರಡು ಗಂಟೆಗೆ ಮುಗಿಸಿದೆ, ಆಮೇಲೆ ನಿದ್ದೆನೇ ಬರ್ಲಿಲ್ಲ, ಬೆಳಿಗ್ಗೆಯಿಂದ ಯಾರ ಹತ್ರನಾದ್ರೂ ಇದರ ಬಗ್ಗೆ ಜಗಳ ಆಡ್ಲೇಬೇಕು ಅನ್ನಿಸ್ತಿದೆ. ಹೆಸರು ಬೇಕು ಅಂತಲೇ ಹಾಕ್ತಿಲ್ಲ, ಇನ್ನೂ ಓದದವರು ಹೆಸರು ಹುಡುಕ್ಕೊಂಡು ಬಂದ್ರೆ ಪೂರ್ತಿ ಕತೆ ಇಲ್ಲೇ ಗೊತ್ತಾಗಿಬಿಡುತ್ತೆ. ಓದಿದವರಿಗೆ "ಲೋಟ" ಅಂದ್ರೆ ಸಾಕು.

ಗಂಡ ರಾತ್ರಿ ಮೆಟ್ಟಿಲಿಂದ ಬಿದ್ದು ಸತ್ತಿದಾರೆ. ಹೆಂಡತಿ ನಿದ್ದೆ ಮಾತ್ರೆ ತಗೊಂಡು ಮಲಗಿದ್ಲು. ಬೆಳಿಗ್ಗೆ ಎದ್ದು ನೋಡ್ತಾಳೆ, ಫೋನ್ ಮಾಡ್ತಾಳೆ, ಆಂಬುಲೆನ್ಸ್ ಬರೋ ಅಷ್ಟರಲ್ಲಿ ಸಿಂಕಲ್ಲಿದ್ದ ಒಂದು ಗಾಜಿನ ಲೋಟ ತೊಳೆದಿಡ್ತಾಳೆ. ಅಷ್ಟೇ. ಅಳಲ್ಲ. ಓಡಿ ಬಂದ ನಾದಿನಿ ಕಣ್ಣಿಗೆ ಬೀಳೋದು ಆ ಒದ್ದೆ ಕೈ. ಅಲ್ಲಿಂದ ಮುಂದಿನ ಮುನ್ನೂರು ಪುಟ ಅವಳ ಇಡೀ ಬದುಕು ಆ ಒಂದು ಲೋಟದ ಮೇಲೆ ನಿಲ್ಲುತ್ತೆ.

ನಾನು ಹೇಳ್ಬೇಕಾಗಿರೋದು ಇದು. 80ನೇ ಪುಟದ ಹೊತ್ತಿಗೆ ನಾನೇ ತೀರ್ಪು ಕೊಟ್ಟುಬಿಟ್ಟಿದ್ದೆ, ಇವಳೇ ಮಾಡಿದ್ದು ಅಂತ. ಯಾಕೆ ಅಂತ ಕೇಳಿದ್ರೆ ನನ್ನ ಹತ್ರ ಇದ್ದ ಕಾರಣ ಎರಡೇ, ಅವಳು ಅಳ್ಲಿಲ್ಲ, ಲೋಟ ತೊಳೆದ್ಲು. ಆಮೇಲೆ ಇನ್ನೂರು ಪುಟ ಓದ್ತಾ ಓದ್ತಾ ಪ್ರತಿಯೊಂದು "ಸಾಕ್ಷಿ"ಯೂ ನನ್ನ ಕೈಯಲ್ಲೇ ಪುಡಿಪುಡಿ ಆಗ್ತಾ ಹೋಯ್ತು. ತಜ್ಞನ ಲೆಕ್ಕ ತಪ್ಪು, ಡೈರಿ ಓದಿದ ರೀತಿ ತಪ್ಪು, ಅವಳ ಬಾಯಿಂದ ಹೊರಡಿಸಿದ "ಇರಬಹುದು, ನಾನೇ ಮಾಡಿರಬಹುದು" ಅನ್ನೋ ಮಾತೂ ಟೊಳ್ಳು. ಜೈಲಿಂದ ಬಿಡುಗಡೆ ಆಗಿ ಹೊರಗೆ ಬಂದಾಗ ಅವಳು ಗೇಟ್ ಹತ್ರ ನಿಂತು ಎಡಕ್ಕೆ ಹೋಗೋದಾ ಬಲಕ್ಕೆ ಹೋಗೋದಾ ಗೊತ್ತಾಗ್ದೆ ನಿಂತಿರ್ತಾಳಲ್ಲ, ಅಲ್ಲಿ ನನಗೆ ಗಂಟಲು ಕಟ್ಟಿತು. ಕತೆ ಅಲ್ಲಿಗೆ ಮುಗೀಬೇಕಿತ್ತು.

ಆದ್ರೆ ಆಮೇಲೆ ಮೂರು ಪುಟದ ಒಂದು ಅಧ್ಯಾಯ. ರಾತ್ರಿ, ಲೋಟ, ನೀರು, "ಇನ್ನು ಮಲಗಬೇಕು." ಅಂದ್ರೆ ಅವಳೇ ಮಾಡಿದ್ದಾ? ಇಷ್ಟು ದಿನ ಕಟ್ಟಿದ್ದನ್ನ ಒಂದು ತಿರುವಿಗೋಸ್ಕರ ಒಡೆದು ಹಾಕೋದು ಸರೀನಾ? ನನಗಂತೂ ಲೇಖಕಿ ಅವಳಿಗೂ ಮೋಸ ಮಾಡಿದ್ರು, ನನಗೂ ಮೋಸ ಮಾಡಿದ್ರು ಅನ್ನಿಸ್ತು.

ನಿಶಾಚರ_07:
ಬೇಕಿತ್ತು ಗುರು. ಆ ಮೂರು ಪುಟ ಇಲ್ದಿದ್ರೆ ಅದು ಥ್ರಿಲ್ಲರ್ ಅಲ್ಲ, ಕೋರ್ಟ್ ವರದಿ.

ಸಂಜೆಮಲ್ಲಿಗೆ:
ಹಾಳೆಹುಳ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಈ ಪುಸ್ತಕಾನ ಬೇರೆಯವರ ತರ ಓದೋಕೆ ಆಗ್ಲಿಲ್ಲ, ಯಾಕಂತ ಹೇಳ್ತೀನಿ.

ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಜಾಗದಲ್ಲಿ ಕ್ಯಾಶ್ ಇಡೋ ಕವರ್ ಒಂದು ಕಾಣೆ ಆಯ್ತು. ಬೀರು ಕೀ ಆವತ್ತು ನನ್ನ ಹತ್ರ ಇತ್ತು. ಯಾರೂ ನೇರವಾಗಿ "ನೀನು ತಗೊಂಡೆ" ಅನ್ಲಿಲ್ಲ, ಅಂದಿದ್ರೆ ಉತ್ತರ ಕೊಡಬಹುದಿತ್ತು. ನಾನು ಒಳಗೆ ಬಂದ ಕೂಡ್ಲೇ ಮಾತು ನಿಲ್ತಿತ್ತು. ಪಕ್ಕದ ಸೀಟಿನವಳು ತನ್ನ ಬ್ಯಾಗನ್ನ ಕುರ್ಚಿ ಮೇಲಿಂದ ಎತ್ತಿ ಕಾಲ ಹತ್ರ ಇಟ್ಕೊಳ್ಳೋಕೆ ಶುರು ಮಾಡಿದ್ಲು. ಹನ್ನೊಂದು ದಿನ ಆದ್ಮೇಲೆ ಬೀರು ಸರಿಸಿದಾಗ ಡ್ರಾಯರ್ ಹಿಂದೆ ಕವರ್ ಬಿದ್ದಿದ್ದು ಸಿಕ್ತು. ಎಲ್ಲರೂ ನಕ್ರು, "ಅಯ್ಯೋ ಇಲ್ಲೇ ಇತ್ತಲ್ಲ" ಅಂದ್ರು. ಸಾರಿ ಅಂತ ಒಬ್ರೂ ಹೇಳ್ಲಿಲ್ಲ, ಯಾಕಂದ್ರೆ ಯಾರೂ ಏನೂ ಅಂದೇ ಇರ್ಲಿಲ್ಲವಲ್ಲ.

ಆ ಹನ್ನೊಂದು ದಿನ ನಾನು ಅಳ್ಲಿಲ್ಲ. ಅತ್ರೆ ತಪ್ಪೊಪ್ಪಿಕೊಂಡ ಹಾಗೆ ಕಾಣುತ್ತೆ, ಅಳದಿದ್ರೆ ಕಲ್ಲು ಮನಸ್ಸು ಅಂತಾರೆ, ಮುಖ ಹೇಗೆ ಇಟ್ಕೊಬೇಕು ಅನ್ನೋದೇ ಒಂದು ಕೆಲಸ ಆಗಿಬಿಟ್ಟಿತ್ತು. ಕಾದಂಬರಿಯಲ್ಲಿ ಅವಳು ಕನ್ನಡಿ ಮುಂದೆ ನಿಂತು "ದುಃಖ ಇರೋರ ಮುಖ" ಅಭ್ಯಾಸ ಮಾಡ್ತಾಳಲ್ಲ, ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಎಷ್ಟೋ ಜನ ಆ ಸೀನನ್ನ "ನಾಟಕ ಆಡ್ತಿದ್ದಾಳೆ ನೋಡು" ಅಂತ ಓದಿರ್ತಾರೆ.

ಬಯಲುಸೀಮೆ:
ನನಗಂತೂ ಒಮ್ಮೆನೂ ಅಕಿ ಮ್ಯಾಲೆ ಡೌಟ್ ಬರಲಿಲ್ಲ ನೋಡ್ರಿ. ನಾದಿನಿ ಬಾಗಲಾಗ ನಿಂತಾಳ, ಸ್ವಂತ ಅಣ್ಣ ಕೆಳಗ ಬಿದ್ದಾನ, ಅವನ್ನ ನೋಡೂದು ಬಿಟ್ಟು ಮದ್ಲ ಅಕಿ ಕೈ ನೋಡ್ತಾಳ. ಅಲ್ಲೇ ನನಗ ತಿಳೀತು ಇದು ಯಾರ ಕತಿ ಅಂತ.

ಅಳಲಿಲ್ಲ ಅಂತ ಹೆಣ್ಣುಮಗಳನ್ನ ಜೈಲಿಗೆ ಹಾಕೂದು ಬರೇ ಕಾದಂಬರಿಯಾಗ ಆಗಿದ್ದಲ್ಲರೀ. ಆಸ್ಟ್ರೇಲಿಯಾದಾಗ ಲಿಂಡಿ ಚೇಂಬರ್ಲಿನ್ ಅಂತ. 1980ರ ಆಗಸ್ಟ್ 17ಕ್ಕ ಉಲುರು ಅನ್ನೂ ದೊಡ್ಡ ಕಲ್ಲಬಂಡಿ ಹತ್ರ ಟೆಂಟ್ ಹಾಕಿದ್ರು, ಒಂಬತ್ತು ವಾರದ ಕೂಸು ಕಾಣಿ ಆತು. ಡಿಂಗೊ ಅಂತ ಕಾಡುನಾಯಿ ಒಯ್ತು ಅಂತ ತಾಯಿ ಚೀರಿ ಹೇಳಿದ್ಲು, ಯಾರೂ ನಂಬಲಿಲ್ಲ. ಟಿವಿ ಮುಂದ ಅಳಲಿಲ್ಲ, ಗಟ್ಟಿ ದನಿಲೆ ಮಾತಾಡಿದ್ಲು, ಅದನ್ನ ಜನ ಹಿಡಕೊಂಡ್ರು. 1982ರಾಗ ಜೀವಾವಧಿ ಶಿಕ್ಷಾ ಕೊಟ್ರು. ಆಗ ಅಕಿ ಬಸುರಿ, ಮುಂದಿನ ಕೂಸು ಹುಟ್ಟಿದ್ದು ಶಿಕ್ಷಾದಾಗ. 1986ರಾಗ ಆ ಕೂಸಿನ ಅಂಗಿ ಡಿಂಗೊ ಗವಿ ಇರೂ ಕಡೆ ಸಿಕ್ತು, ಆಮ್ಯಾಲೆ ಬಿಟ್ರು. ಸರಕಾರಿ ದಾಖಲಿಯಾಗ "ಡಿಂಗೊನೇ ಒಯ್ದದ್ದು" ಅಂತ ಬರೀಲಿಕ್ಕೆ 2012 ಆಗಬೇಕಾತು. ಮೂವತ್ತೆರಡು ವರ್ಷ!

ಕಡಲತೀರ:
ಆ ಕೇಸಲ್ಲಿ ಇನ್ನೊಂದು ಉಂಟು ಮಾರಾಯ್ರೆ. ಕಾರಿನ ಒಳಗೆ ಮಗುವಿನ ರಕ್ತ ಸಿಕ್ಕಿದೆ ಅಂತ ಲ್ಯಾಬಿನವರು ಕೋರ್ಟಲ್ಲಿ ಹೇಳಿದ್ದು, ಅದೇ ದೊಡ್ಡ ಸಾಕ್ಷಿ ಆಗಿದ್ದು. ಆಮೇಲೆ ನೋಡಿದ್ರೆ ಅದರಲ್ಲಿ ಮುಖ್ಯವಾದ ಕಲೆ ರಕ್ತವೇ ಅಲ್ಲ, ಕಾರಿನ ಸದ್ದು ಕಮ್ಮಿ ಮಾಡ್ಲಿಕ್ಕೆ ಫ್ಯಾಕ್ಟರಿಯಲ್ಲೇ ಹೊಡೆದ ಸ್ಪ್ರೇ! ಹಾಗಾಗಿ ಕಾದಂಬರಿಯಲ್ಲಿ ಮೆಟ್ಟಿಲ ಕಂಬಿಯ ಮೇಲಿನ ಕಲೆ ಪಾಲಿಶ್ ಅಂತ ಗೊತ್ತಾಗುವ ಭಾಗವನ್ನ "ಇದು ತುಂಬಾ ಸಿನಿಮಾ ಆಯ್ತು" ಅಂತ ಹೋದ ವಾರ ಯಾರೋ ಬರೆದಿದ್ರಲ್ಲ, ಅವರು ಸ್ವಲ್ಪ ಯೋಚನೆ ಮಾಡ್ಬೇಕು. ನಿಜದಲ್ಲಿ ಆದದ್ದು ಅದಕ್ಕಿಂತ ವಿಚಿತ್ರ.

ನಿಶಾಚರ_07:
ಹೋದ ವಾರ ಬರೆದಿದ್ದು ನಾನೇ. ಕಲೆ ವಿಷಯ ಒಪ್ಕೊಂಡೆ, ಕಾರಿಂದು ನನಗೆ ಗೊತ್ತಿರ್ಲಿಲ್ಲ.

ಆದ್ರೆ ನಿಜಜೀವನದಲ್ಲಿ ಹೀಗಾಗಿದೆ ಅನ್ನೋದು ಕಾದಂಬರಿ ಚೆನ್ನಾಗಿದೆ ಅನ್ನೋದಕ್ಕೆ ಪುರಾವೆ ಅಲ್ಲ. ನನ್ನ ತಕರಾರು ಬೇರೆ. ಪೂರ್ತಿ ಕತೆ ಅವಳ ಬಾಯಲ್ಲೇ ಇದೆ, ಅವಳು ಹೇಳಿದ್ದಷ್ಟೇ ನಮಗೆ ಗೊತ್ತು. ಅಂಥ ನಿರೂಪಕರನ್ನ ಪೂರ್ತಿ ನಂಬೋ ಹಾಗಿಲ್ಲ ಅನ್ನೋದು ಹಳೇ ಮಾತು, ವೇಯ್ನ್ ಬೂತ್ ಅನ್ನೋ ವಿಮರ್ಶಕ 1961ರಲ್ಲೇ ಇದಕ್ಕೊಂದು ಹೆಸರು ಕೊಟ್ಟು ಬರೆದಿದ್ದಾನೆ, ನಂಬಲಾಗದ ನಿರೂಪಕ ಅಂತ. ಆ ಆಟ ಆಡೋಕೆ ಅಂತಲೇ ಓದುಗರು ಇಂಥ ಪುಸ್ತಕ ಕೈಗೆ ತಗೊಳ್ಳೋದು. ಕೊನೆಗೆ "ಯಾರೂ ಏನೂ ಮಾಡಿಲ್ಲ, ಅವನೇ ಜಾರಿ ಬಿದ್ದ" ಅಂತ ಹೇಳಿ ಕೈ ತೊಳ್ಕೊಂಡ್ರೆ ಅಷ್ಟು ಪುಟ ಯಾಕೆ ಓದ್ಬೇಕು? ಕೊಲೆ ಇಲ್ಲ, ಕೊಲೆಗಾರ ಇಲ್ಲ. ಆ ಮೂರು ಪುಟ ಬಂದಿದ್ದಕ್ಕೆ ಪುಸ್ತಕ ಉಳೀತು.

ಲೆಕ್ಕದ ಮೇಷ್ಟ್ರು:
"ಕೊಲೆ ಇಲ್ಲ, ಕೊಲೆಗಾರ ಇಲ್ಲ" ಅನ್ನೋದೇ ಈ ಪುಸ್ತಕದಲ್ಲಿ ನನಗೆ ತುಂಬಾ ಹಿಡಿಸಿದ್ದು. ನಿಶಾಚರ ಅವರೇ, ಸ್ವಲ್ಪ ಉದ್ದ ಬರೀತೀನಿ, ಓದಿ.

ತಜ್ಞ ಕೋರ್ಟಲ್ಲಿ ಏನು ಹೇಳ್ತಾನೆ? "ಈ ವಯಸ್ಸಿನ ಆರೋಗ್ಯವಂತ ಮನುಷ್ಯ ತನ್ನ ಮನೆ ಮೆಟ್ಟಿಲ ಮೇಲೆ ತಾನಾಗೇ ಹೀಗೆ ಬಿದ್ದು ಸಾಯೋ ಸಾಧ್ಯತೆ ಲಕ್ಷಕ್ಕೆ ಒಂದು." ಕೋರ್ಟಲ್ಲಿ ಕೂತವರೆಲ್ಲ ಉಸಿರು ಬಿಗಿಹಿಡೀತಾರೆ. ನಾವೂ ಹಿಡೀತೀವಿ. ಲಕ್ಷಕ್ಕೆ ಒಂದು ಅಂದ್ರೆ ಮಿಕ್ಕ 99,999 ಪಾಲು ಇವಳೇ ಅಪರಾಧಿ ಅಂತ ತಲೆಯಲ್ಲಿ ಓಡುತ್ತೆ. ಅದು ಹಾಗಲ್ಲ! ಹೆಂಡತಿ ಗಂಡನ್ನ ಮೆಟ್ಟಿಲಿಂದ ತಳ್ಳಿ ಕೊಲ್ಲೋದೂ ಅಪರೂಪವೇ. ಎರಡು ಅಪರೂಪಗಳನ್ನ ಪಕ್ಕಪಕ್ಕ ಇಟ್ಟು ಯಾವುದು ಹೆಚ್ಚು ಅಪರೂಪ ಅಂತ ನೋಡ್ಬೇಕು. ಒಂದನ್ನೇ ಹಿಡ್ಕೊಂಡು ಹೆದರಿಸೋದು ಲೆಕ್ಕ ಅಲ್ಲ.

ಇದು ಬರೀ ಕತೆ ಅಲ್ಲ ಅನ್ನೋದಕ್ಕೆ ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಇದ್ದಾರೆ. ಆಕೆ ವಕೀಲೆ. ಎರಡು ಗಂಡು ಕೂಸು, ಒಂದಾದ ಮೇಲೊಂದು ಹಠಾತ್ತಾಗಿ ತೀರಿಕೊಂಡವು. 1999ರಲ್ಲಿ ಜೀವಾವಧಿ. ಕೋರ್ಟಿಗೆ ಬಂದ ಮಕ್ಕಳ ತಜ್ಞರು ಹೇಳಿದ್ದು, ಇಂಥ ಕುಟುಂಬದಲ್ಲಿ ಒಂದು ಕೂಸು ಹೀಗೆ ಹೋಗೋ ಸಾಧ್ಯತೆ 8,543ಕ್ಕೆ ಒಂದು, ಎರಡೂ ಹೋಗೋದು ಅಂದ್ರೆ ಅದನ್ನ ಅದರಿಂದಲೇ ಗುಣಿಸಿ, 7.3 ಕೋಟಿಗೆ ಒಂದು. ಕ್ಯಾಲ್ಕುಲೇಟರ್ ಹಿಡಿದು ನೀವೇ ಮಾಡಿ ನೋಡಿ, ಗುಣಾಕಾರ ಸರಿಯಾಗೇ ಇದೆ. ತಪ್ಪಿರೋದು ಗುಣಿಸಿದ್ದೇ. ನಾಣ್ಯ ಎರಡು ಸಲ ಚಿಮ್ಮಿದ ಹಾಗಲ್ಲ ಇದು, ಒಂದೇ ತಂದೆತಾಯಿ, ಒಂದೇ ಮನೆ, ಒಂದೇ ರಕ್ತ, ಮೊದಲನೇದಕ್ಕೆ ಕಾರಣ ಆದದ್ದು ಎರಡನೇದಕ್ಕೂ ಆಗಬಹುದು. ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘ, ರಾಯಲ್ ಸ್ಟ್ಯಾಟಿಸ್ಟಿಕಲ್ ಸೊಸೈಟಿ, 2001ರಲ್ಲಿ ಇದು ತಪ್ಪು ಅಂತ ಬಹಿರಂಗವಾಗಿ ಹೇಳ್ತು. ಅದರ ಮೇಲೆ ಎರಡನೇ ಕೂಸಿನ ಲ್ಯಾಬ್ ವರದಿಯಲ್ಲಿ ಸೋಂಕಿನ ಸುಳಿವಿತ್ತು, ಅದನ್ನ ಆಕೆಯ ವಕೀಲರಿಗೆ ತೋರಿಸಿಯೇ ಇರ್ಲಿಲ್ಲ. 2003ರಲ್ಲಿ ಬಿಡುಗಡೆ ಆಯ್ತು, 2007ರಲ್ಲಿ ಆಕೆ ತೀರಿಹೋದ್ರು. ಇನ್ನೂ ಐವತ್ತು ಆಗಿರ್ಲಿಲ್ಲ.

ಬಯಲುಸೀಮೆ ಅವರು ಹೇಳಿದ ಕೇಸ್ ಮತ್ತು ಇದು, ಎರಡರಲ್ಲೂ ಗಮನಿಸಿ, "ನಿಜವಾದ ಕೊಲೆಗಾರ" ಅಂತ ಯಾರೂ ಸಿಗ್ಲಿಲ್ಲ, ಯಾಕಂದ್ರೆ ಕೊಲೆಯೇ ಆಗಿರ್ಲಿಲ್ಲ. ಥ್ರಿಲ್ಲರ್ ಓದಿ ಓದಿ ನಮಗೆ ಏನಾಗಿದೆ ಅಂದ್ರೆ ಒಬ್ಬರನ್ನ ಬಿಟ್ರೆ ಇನ್ನೊಬ್ಬರನ್ನ ಹಿಡಿದು ಕೊಡ್ಬೇಕು, ಇಲ್ದಿದ್ರೆ ಸಮಾಧಾನ ಇಲ್ಲ. ಈ ಲೇಖಕಿ ಅದನ್ನ ಕೊಡದೇ ಇರೋ ಧೈರ್ಯ ಮಾಡಿದ್ರು, ಮೂರು ಪುಟದಲ್ಲಿ ಆ ಧೈರ್ಯ ಕಳ್ಕೊಂಡ್ರು. ಅದಕ್ಕೇ ನನಗೂ ಬೇಜಾರು.

ಬಯಲುಸೀಮೆ:
ಮೇಷ್ಟ್ರ, 8,543ನ್ನ ಗುಣಿಸಿ ನೋಡಿದೆ. ಖರೇನ 7 ಕೋಟಿ 29 ಲಕ್ಷದ ಮ್ಯಾಲೆ ಬರ್ತದ. ಲೆಕ್ಕ ಸರಿ, ಆದ್ರ ಅನ್ಯಾಯ. ಮೈ ಜುಮ್ ಅಂತು.

ಮಳೆಬಿಲ್ಲು:
ಡೈರಿ ಭಾಗದ ಬಗ್ಗೆ ಯಾರೂ ಮಾತಾಡ್ತಿಲ್ಲ. "ಎಲ್ಲ ನನ್ನಿಂದಲೇ ಆಗಿದ್ದು, ನಾನು ಸರಿ ಇದ್ದಿದ್ರೆ ಹೀಗಾಗ್ತಿರ್ಲಿಲ್ಲ" ಅಂತ ಅವಳು ಬರ್ಕೊಂಡಿರ್ತಾಳೆ. ಪ್ರಾಸಿಕ್ಯೂಟರ್ ಅದನ್ನ ಓದೋವಾಗ "ನನ್ನಿಂದಲೇ" ಮೇಲೆ ಒತ್ತು ಕೊಟ್ಟು ಓದ್ತಾನೆ, ಅವಳ ಪರ ವಕೀಲೆ ಅದೇ ಸಾಲನ್ನ ಒತ್ತಿಲ್ಲದೇ ಮೆಲ್ಲಗೆ ಓದ್ತಾಳೆ, ಸಾಲು ಅದೇ, ಅರ್ಥ ಉಲ್ಟಾ. ಇಡೀ ಕಾದಂಬರಿಯಲ್ಲಿ ನನಗೆ ಇದಕ್ಕಿಂತ ಚೆನ್ನಾಗಿರೋ ಪುಟ ಕಾಣ್ಲಿಲ್ಲ.

ಕ್ಯಾಥ್ಲೀನ್ ಫೋಲ್ಬಿಗ್ ಕೇಸ್ ಗೊತ್ತಿರೋರಿಗೆ ಇದು ಎಲ್ಲಿಂದ ಬಂತು ಅಂತ ಹೊಳೆಯುತ್ತೆ. ಅದೂ ಆಸ್ಟ್ರೇಲಿಯಾನೇ. ನಾಲ್ಕು ಮಕ್ಕಳು ಹತ್ತು ವರ್ಷದಲ್ಲಿ ಒಂದೊಂದಾಗಿ ಹೋದವು, 2003ರಲ್ಲಿ ಶಿಕ್ಷೆ ಆಯ್ತು, ದೊಡ್ಡ ಸಾಕ್ಷಿ ಆಕೆಯ ಡೈರಿ. ತನ್ನನ್ನ ತಾನೇ ಬೈಕೊಂಡು ಬರೆದ ಸಾಲುಗಳನ್ನ ತಪ್ಪೊಪ್ಪಿಗೆ ಅಂತ ಓದಿದ್ರು. ಆಮೇಲೆ ವಿಜ್ಞಾನಿಗಳು ಇಬ್ಬರು ಹೆಣ್ಣುಮಕ್ಕಳಲ್ಲಿ ಹೃದಯದ ಬಡಿತ ಕೆಡಿಸಬಹುದಾದ ಒಂದು ಜೀನ್ ಬದಲಾವಣೆ ಕಂಡುಹಿಡಿದ್ರು, 2023ರ ಜೂನಲ್ಲಿ ಕ್ಷಮಾದಾನ, ಡಿಸೆಂಬರಲ್ಲಿ ಶಿಕ್ಷೆನೇ ರದ್ದು. ಇಪ್ಪತ್ತು ವರ್ಷ ಒಳಗಿದ್ರು. ಮಗು ಹೋದ ತಾಯಿ "ನನ್ನ ತಪ್ಪು" ಅಂತ ಬರ್ಕೊಳ್ಳೋದು ದುಃಖ ಅಂತ ಒಬ್ಬರಿಗೂ ಮೊದಲೇ ಹೊಳೀಲಿಲ್ಲವಾ ಅಂತ ನನಗೆ ಇವತ್ತಿಗೂ ಅರ್ಥ ಆಗಲ್ಲ.

ಮಾತ್ರೆ ಡಬ್ಬಿ:
ಎಲ್ಲರೂ ಹೊಗಳ್ತಿದ್ದೀರ, ನನಗೆ 31ನೇ ಅಧ್ಯಾಯ ನುಂಗೋಕೆ ಆಗ್ಲಿಲ್ಲ. ನಾನು ಫಾರ್ಮಸಿಸ್ಟ್, ಅದಕ್ಕೇ ಕಣ್ಣಿಗೆ ಬಿತ್ತು. ಅವಳು ನಿದ್ದೆ ಮಾತ್ರೆ ತಗೊಂಡಿರ್ತಾಳೆ, ರಾತ್ರಿ ಏನಾಯ್ತು ನೆನಪಿಲ್ಲ. ಇಲ್ಲಿವರೆಗೆ ಸರಿ. ಮಾತ್ರೆ ಹೆಸರು ಪುಸ್ತಕದಲ್ಲಿಲ್ಲ, ಆದ್ರೆ ವರ್ಣನೆ ನೋಡಿದ್ರೆ ಜೋಲ್ಪಿಡೆಮ್ ತರದ್ದು. ಅದು ತಗೊಂಡ ಕೆಲವರು ನಿದ್ದೆಯಲ್ಲೇ ಎದ್ದು ಓಡಾಡಿ, ಗಾಡಿ ಕೂಡ ಓಡಿಸಿ, ಬೆಳಿಗ್ಗೆ ಏನೂ ನೆನಪಿಲ್ಲ ಅಂದಿದ್ದಿದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರಲ್ಲಿ ಇದಕ್ಕೆ ಅತಿ ಗಂಭೀರ ಎಚ್ಚರಿಕೆ ಹಾಕಿಸಿದೆ. 2013ರಲ್ಲಿ ಹೆಂಗಸರಿಗೆ ಡೋಸ್ ಅನ್ನ 10 ಮಿಲಿಗ್ರಾಂನಿಂದ 5ಕ್ಕೆ ಇಳಿಸೋಕೂ ಹೇಳ್ತು, ಹೆಂಗಸರ ಮೈಯಿಂದ ಅದು ನಿಧಾನವಾಗಿ ಇಳಿಯುತ್ತೆ ಅಂತ.

ತೊಂದರೆ ಎಲ್ಲಿ ಅಂದ್ರೆ, 31ರಲ್ಲಿ ಅವಳಿಗೆ ಎಲ್ಲಾ ನೆನಪು ವಾಪಸ್ ಬರುತ್ತೆ, ಮೆಟ್ಟಿಲು, ಅವನ ಭುಜ, ತನ್ನ ಅಂಗೈ, ಎಲ್ಲ ಸಿನಿಮಾ ತರ. ಅದು ಆಗಲ್ಲ. ಈ ಮಾತ್ರೆ ನೆನಪನ್ನ ಬೀಗ ಹಾಕಿ ಒಳಗೆ ಇಡಲ್ಲ, ನೆನಪು ಅಚ್ಚಾಗೋದನ್ನೇ ತಡೆಯುತ್ತೆ. ರೆಕಾರ್ಡೇ ಆಗದ ಟೇಪನ್ನ ಎಷ್ಟು ಸಲ ಹಿಂದೆ ತಿರುಗಿಸಿದ್ರೂ ಏನು ಕೇಳುತ್ತೆ? ಲೇಖಕಿ ಇಷ್ಟು ಓದ್ಕೊಂಡು ಬರೆದವರು ಇಲ್ಲಿ ಯಾಕೆ ಎಡವಿದ್ರು?

ನಿಶಾಚರ_07:
ನೋಡಿ, ಅದನ್ನೇ ನಾನು ಹೇಳ್ತಿರೋದು. ಮರೆತಿರ್ಲಿಲ್ಲ, ಮರೆತ ಹಾಗೆ ನಟಿಸ್ತಿದ್ಲು. 31ರಲ್ಲಿ ಮುಖವಾಡ ಕಳಚಿತು.

ಮಳೆಬಿಲ್ಲು:
ಇಲ್ಲ ಇಲ್ಲ, ಇಬ್ಬರೂ ಒಂದು ಮುಖ್ಯವಾದ ಜಾಗ ಬಿಟ್ಟು ಓದಿದ್ದೀರ. 31 ಬರೋದು ಯಾವಾಗ? ಹದಿನಾಲ್ಕು ಗಂಟೆ ವಿಚಾರಣೆ ಆದ್ಮೇಲೆ. ಅದಕ್ಕೆ ಮೊದಲು 28, 29ರಲ್ಲಿ ಅಧಿಕಾರಿ ಅವಳಿಗೆ ಏನು ಹೇಳ್ತಾನೆ ತಿರುಗಿ ನೋಡಿ. "ಮೆಟ್ಟಿಲ ಮೇಲೆ ನಿಂತಿದ್ದಿರಿ ಅಂತ ಊಹೆ ಮಾಡ್ಕೊಳ್ಳಿ, ಅವರ ಭುಜ ಕಾಣ್ತಿದೆ ಅಂತ ಊಹೆ ಮಾಡ್ಕೊಳ್ಳಿ." ಭುಜ ಅನ್ನೋ ಪದ ಮೊದಲು ಬಂದಿದ್ದು ಅವನ ಬಾಯಿಂದ! ಅವಳಿಗೆ "ನೆನಪಾಗಿದ್ದು" ಅವನು ಕೊಟ್ಟ ಚಿತ್ರ. ಅದು ವಾಪಸ್ ಬಂದ ನೆನಪಲ್ಲ, ಹಾಕಿಕೊಟ್ಟ ನೆನಪು. ಮಾತ್ರೆ ಡಬ್ಬಿ ಅವರು ಹೇಳಿದ ವಿಜ್ಞಾನವೇ ಇದನ್ನ ಸಾಬೀತು ಮಾಡುತ್ತೆ, ಲೇಖಕಿ ಎಡವಿಲ್ಲ.

ಪದ ಒಂದು ಬದಲಾದ್ರೆ ನೆನಪು ಬದಲಾಗುತ್ತೆ ಅನ್ನೋದನ್ನ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ 1974ರಲ್ಲೇ ತೋರಿಸಿದ್ದಾರೆ. 150 ಜನಕ್ಕೆ ಕಾರು ಅಪಘಾತದ ಒಂದೇ ಫಿಲ್ಮ್ ತೋರಿಸಿ, ಕೆಲವರಿಗೆ ಕಾರುಗಳು "ತಾಗಿದಾಗ" ಎಷ್ಟು ಸ್ಪೀಡಲ್ಲಿದ್ವು ಅಂತ ಕೇಳಿದ್ರು, ಕೆಲವರಿಗೆ "ಅಪ್ಪಳಿಸಿದಾಗ" ಅಂತ. ವಾರ ಬಿಟ್ಟು ಒಡೆದ ಗಾಜು ನೋಡಿದ್ರಾ ಅಂತ ಕೇಳಿದ್ರೆ, ಅಪ್ಪಳಿಸಿದಾಗ ಅಂತ ಕೇಳಿಸ್ಕೊಂಡ 50 ಜನರಲ್ಲಿ 16 ಜನ ಹೌದು ಅಂದ್ರು, ಇನ್ನೊಂದು ಗುಂಪಿನ 50ರಲ್ಲಿ 7. ಫಿಲ್ಮಲ್ಲಿ ಒಡೆದ ಗಾಜೇ ಇರ್ಲಿಲ್ಲ.

ಇದು ಒಂದು ಪದಕ್ಕೆ. ಹದಿನಾಲ್ಕು ಗಂಟೆಗೆ ಏನಾಗಬಹುದು? ಐಸ್‌ಲ್ಯಾಂಡಲ್ಲಿ 1974ರಲ್ಲಿ ಇಬ್ಬರು ಗಂಡಸರು ಕಾಣೆ ಆದ ಕೇಸಲ್ಲಿ ಆರು ಜನಕ್ಕೆ ಶಿಕ್ಷೆ ಆಯ್ತು, ಹೆಣವೇ ಸಿಕ್ಕಿರ್ಲಿಲ್ಲ. ತಿಂಗಳುಗಟ್ಟಲೆ ಒಂಟಿ ಸೆಲ್ಲಲ್ಲಿ ಇಟ್ಟು ಕೇಳಿ ಕೇಳಿ, ಕೆಲವರು ತಾವೇ ಮಾಡಿರಬಹುದು ಅಂತ ನಂಬೋಕೇ ಶುರು ಮಾಡಿದ್ರು. ಐದು ಜನ ನಿರ್ದೋಷಿಗಳು ಅಂತ ಕೋರ್ಟ್ ಹೇಳಿದ್ದು 2018ರಲ್ಲಿ.

ಮಾತ್ರೆ ಡಬ್ಬಿ:
28 ಈಗ ತಿರುಗಿ ಓದಿದೆ. ಭುಜ ಅಲ್ಲೇ ಇದೆ, ಅಂಗೈ ಕೂಡ ಅಲ್ಲೇ ಇದೆ. ನನ್ನ ಮಾತು ವಾಪಸ್ ತಗೋತೀನಿ. ಬಹಳ ಒಳ್ಳೇ ಕೆಲಸ ಮಾಡಿದ್ದಾರೆ.

ಕಡಲತೀರ:
ನಡುವೆ ಒಂದು ಬೇರೆ ವಿಷಯ. ಹಿಂದಿನ ರಕ್ಷಾಪುಟದಲ್ಲಿ "ಕೊನೆಯ ಪುಟದಲ್ಲಿ ನೀವು ಬೆಚ್ಚಿಬೀಳುತ್ತೀರಿ" ಅಂತ ಯಾಕೆ ಹಾಕ್ತಾರೆ? ನಾನು ಬೆಚ್ಚಿಬೀಳ್ಲಿಕ್ಕೆ ರೆಡಿಯಾಗಿಯೇ ಕೂತಿದ್ದೆ, ಹಾಗಾಗಿ ಗೇಟಿನ ಹತ್ರ ಅವಳು ನಿಲ್ಲುವ ಪುಟದಲ್ಲಿ ನನಗೆ ದುಃಖವೇ ಆಗ್ಲಿಲ್ಲ, "ಇನ್ನೂ ಏನೋ ಉಂಟು" ಅಂತಲೇ ಓದಿದ್ದು. ಪುಸ್ತಕದ ಒಳ್ಳೇ ಜಾಗವನ್ನ ರಕ್ಷಾಪುಟವೇ ತಿಂದು ಹಾಕಿತು.

ಸಂಜೆಮಲ್ಲಿಗೆ:
ಆಡಿಯೋ ಬುಕ್ ಕೇಳಿದವರು ಯಾರಾದ್ರೂ ಇದ್ದೀರಾ? ನನ್ನ ತಂಗಿ ಕೇಳಿದ್ದು. ಅವಳಿಗೆ ಕೊನೇ ಅಧ್ಯಾಯದ ಬಗ್ಗೆ ಅನುಮಾನವೇ ಇಲ್ಲ, "ಅದೇ ದನಿ ಅಲ್ವಾ ಅಕ್ಕ, ಅವಳೇ" ಅಂತಾಳೆ.

ಕೇಶಿರಾಜನ ಶಿಷ್ಯೆ:
ಸಂಜೆಮಲ್ಲಿಗೆ ಅವರೇ, ನೀವು ಹೇಳಿದ್ದಕ್ಕೇ ನಾನು ಬರೀತಿರೋದು. ಎರಡು ದಿನದಿಂದ ಈ ಮಾತುಕತೆ ಓದ್ತಿದ್ದೆ, ಆದ್ರೆ ಖಾತ್ರಿ ಮಾಡ್ಕೊಳ್ಳದೇ ಬರೀಬಾರದು ಅಂತ ಸುಮ್ನಿದ್ದೆ. ಪೆನ್ಸಿಲ್ ಹಿಡ್ಕೊಂಡು ಆ ಮೂರು ಪುಟ ಎರಡು ಸಲ ನೋಡಿದ್ದೀನಿ.

ಕನ್ನಡದಲ್ಲಿ ಕ್ರಿಯಾಪದವೇ ಯಾರು ಮಾಡಿದ್ದು ಅಂತ ಹೇಳಿಬಿಡುತ್ತೆ. ತೊಳೆದೆ ಅಂದ್ರೆ ನಾನು, ತೊಳೆದಳು ಅಂದ್ರೆ ಅವಳು. ಮೊದಲನೇ ಅಧ್ಯಾಯ ತೆಗೀರಿ, "ಲೋಟ ತೊಳೆದೆ. ನಿಲ್ಲಿಸಿಟ್ಟೆ. ಕೈ ಒರೆಸಿಕೊಳ್ಳಲು ಮರೆತೆ." ಈಗ ಕೊನೇ ಅಧ್ಯಾಯ ತೆಗೀರಿ. "ಲೋಟ ತೊಳೆದದ್ದಾಯ್ತು. ಬೋರಲು ಹಾಕಿದ್ದಾಯ್ತು. ಕೈ ಒರೆಸಿಕೊಂಡದ್ದೂ ಆಯ್ತು. ಇನ್ನು ಮಲಗಬೇಕು." ಮೂರು ಪುಟದಲ್ಲಿ "ನಾನು" ಇಲ್ಲ, "ನನ್ನ" ಇಲ್ಲ, "ನನಗೆ" ಇಲ್ಲ, "ತೊಳೆದೆ" ತರ ಎಕಾರದಲ್ಲಿ ಮುಗಿದು ನಾನು ಮಾಡಿದ್ದು ಅಂತ ಹೇಳೋ ಒಂದೇ ಒಂದು ಕ್ರಿಯಾಪದ ಇಲ್ಲ. ಆಯ್ತು ಅಂದ್ರೆ ಕೆಲಸ ಮುಗೀತು ಅಂತ ಗೊತ್ತಾಗುತ್ತೆ, ಮಾಡಿದವರು ಯಾರು ಅಂತ ಗೊತ್ತಾಗಲ್ಲ. ಇಷ್ಟು ಉದ್ದಕ್ಕೂ ಹೀಗೆ ಬರೆಯೋದು ಕಷ್ಟ, ಬೇಕು ಅಂತಲೇ ಕೂತು ಬರೆದಿರೋದು. ಅಲ್ಲಿ ಮಾತಾಡ್ತಿರೋದು ಅವಳೇ ಅಂತ ಲೇಖಕಿ ಎಲ್ಲೂ ಹೇಳಿಲ್ಲ, ಹೇಳಿದ್ದು ನಾವು. ಆಡಿಯೋದವರು ಅದೇ ದನಿಯಲ್ಲಿ ಓದಿಸಿ ಆ ಬಾಗಿಲು ಮುಚ್ಚಿಬಿಟ್ರು.

ಹಾಳೆಹುಳ:
ಒಂದು ನಿಮಿಷ. ಪುಸ್ತಕ ತೆಗೀತಿದ್ದೀನಿ.

ಬಯಲುಸೀಮೆ:
ಅಬ್ಬಬ್ಬಾ! ಶಿಷ್ಯೆ ಅವರ, ನಿಮ್ಮ ಕಣ್ಣಿಗೆ ಶರಣರೀ.

ನಿಶಾಚರ_07:
ಇರಿ ಇರಿ. ಅವಳೂ ಒಂದು ಕಡೆ ಹಾಗೆ ಮಾತಾಡ್ತಾಳೆ. ಪುಟ 140, ಜೈಲಿನ ಮೊದಲ ದಿನ, "ಬಟ್ಟೆ ಕೊಟ್ಟದ್ದಾಯ್ತು, ಹೆಸರು ಬರೆಸಿದ್ದಾಯ್ತು." ಅಂದ್ರೆ ಅದು ಅವಳ ಶೈಲಿನೂ ಹೌದು. ಮನಸ್ಸು ಮರಗಟ್ಟಿದಾಗ ಅವಳು ಹಾಗೇ ಮಾತಾಡೋದು. ಕೊನೇ ಮೂರು ಪುಟದಲ್ಲೂ ಮನಸ್ಸು ಮರಗಟ್ಟಿದೆ.

ಸಂಜೆಮಲ್ಲಿಗೆ:
ಆದ್ರೆ ಇನ್ನೊಂದು ಇದೆ, ಈಗ ತಾನೇ ನೋಡಿದೆ, ಕೈ ನಡುಗ್ತಿದೆ. ಇಡೀ ಕಾದಂಬರಿಯಲ್ಲಿ ಅವಳು ಗಂಡನ್ನ ಏನಂತ ಹೇಳ್ತಾಳೆ? "ಅವರು." "ಅವರ ಕನ್ನಡಕ, ಅವರ ಚಪ್ಪಲಿ." ಕೊನೇ ಅಧ್ಯಾಯದ ಎರಡನೇ ಪುಟ ನೋಡಿ, "ಅವನ ಕನ್ನಡಕ ಮೇಜಿನ ಮೇಲೇ ಇದೆ." ಅವನ! ಆ ಮನೆಯಲ್ಲಿ ಆತನ್ನ ಏಕವಚನದಲ್ಲಿ ಕರೆಯೋದು ಒಬ್ಬಳೇ, ತಂಗಿ. ಸಾಕ್ಷಿ ಹೇಳೋವಾಗಲೂ "ಅಣ್ಣ, ಅವನು" ಅಂತಲೇ ಹೇಳ್ತಾಳೆ.

ನಿಶಾಚರ_07:
ಪುಟ 212ರಲ್ಲಿ ಸಾಲದ ಪೇಪರ್ ಸಿಕ್ಕಾಗ ಇವಳೂ "ಅವನು ನನಗೆ ಹೇಳಲೇ ಇಲ್ಲ" ಅಂತಾಳೆ. ಸಿಟ್ಟಲ್ಲಿ ಒಂದು ಸಲ ಅಂದಿದ್ದಾಳೆ ಅಂದ್ರೆ ಇನ್ನೊಂದು ಸಲ ಅನ್ನಬಹುದು. ಆದ್ರೆ ಒಪ್ಕೋತೀನಿ, ನಾನು ಓದೋವಾಗ ಇದು ಗಮನಕ್ಕೇ ಬಂದಿರ್ಲಿಲ್ಲ. ಅವಳೇ ಅಂತ ಮೊದಲೇ ತೀರ್ಮಾನ ಮಾಡಿ ಓದಿದ್ದೆ.

ಲೆಕ್ಕದ ಮೇಷ್ಟ್ರು:
ಹಾಗಾದ್ರೆ ಆ ಮೂರು ಪುಟ ನಾದಿನಿ ಮನಸ್ಸಲ್ಲಿ ನಡೆದದ್ದಾ? ತಾನು ಕೊಟ್ಟ ಸಾಕ್ಷಿ ಸುಳ್ಳಾಯ್ತು ಅಂತ ಒಪ್ಪೋಕಾಗದೇ "ಅವಳು ಆ ರಾತ್ರಿ ಹೀಗೇ ಮಾಡಿರ್ತಾಳೆ" ಅಂತ ತಲೆಯಲ್ಲಿ ಮತ್ತೆ ಮತ್ತೆ ಓಡಿಸ್ಕೊಳ್ಳೋದು? ಹಾಗಿದ್ರೆ ನನ್ನ ಬೇಜಾರು ಹೋಯ್ತು. ಕೊಲೆ ಆಗಿಲ್ಲ ಅನ್ನೋದೂ ಉಳೀತು, ಕೊನೆಗೂ ಅರ್ಥ ಬಂತು.

ಹಾಳೆಹುಳ:
ಓದಿದೆ. ಮೂರು ಸಲ. ಶಿಷ್ಯೆ ಅವರಿಗೆ, ಸಂಜೆಮಲ್ಲಿಗೆ ಅವರಿಗೆ ಕೈ ಮುಗೀತೀನಿ. ನನಗೆ ತುಂಬಾ ನೋವಾಗ್ತಿರೋದು ಏನು ಗೊತ್ತಾ, 80ನೇ ಪುಟದಲ್ಲಿ ಮಾಡಿದ ತಪ್ಪನ್ನೇ ಕೊನೇ ಪುಟದಲ್ಲಿ ಮತ್ತೆ ಮಾಡಿದೆ, ಅದೂ ಅದೇ ಲೋಟ ನೋಡಿ. ಮೊದಲ ಪೋಸ್ಟಲ್ಲಿ ಲೇಖಕಿ ಮೋಸ ಮಾಡಿದ್ರು ಅಂದಿದ್ದನ್ನ ವಾಪಸ್ ತಗೋತೀನಿ.

ಆದ್ರೆ ಮೇಷ್ಟ್ರೇ, ಊಹೆ ಅಂತ ನನಗೆ ಅನ್ನಿಸ್ತಿಲ್ಲ. ಅವಳು ಲೋಟ ತೊಳೆದಿದ್ದು ಬೆಳಿಗ್ಗೆ, ನಿಲ್ಲಿಸಿಟ್ಲು. ಇಲ್ಲಿ ರಾತ್ರಿ, ಬೋರಲು. ಇದು ಬೇರೆ ಲೋಟ, ಬೇರೆ ಕೈ. ಇನ್ನೂ ಒಂದು ಇದೆ, ಪುಟ 11 ನೋಡಿ. ಅವಳು ಮಾಡಿದ್ದು ಒಂದೇ ಫೋನ್, ಆಂಬುಲೆನ್ಸಿಗೆ. ಹಾಗಿದ್ರೆ ಆಂಬುಲೆನ್ಸಿಗಿಂತ ಮೊದಲು ನಾದಿನಿ ಬಾಗಿಲಲ್ಲಿ ಹೇಗೆ ನಿಂತಿದ್ಲು? ಅವಳಿಗೆ ಹೇಳಿದ್ದು ಯಾರು?

ಸಂಜೆಮಲ್ಲಿಗೆ:
ಅದು ಸರಿ, ಆದ್ರೆ ಈಗ ನಾವೆಲ್ಲ ಸೇರಿ ನಾದಿನಿ ಕೈ ನೋಡೋಕೆ ಶುರು ಮಾಡಿದ್ವಲ್ಲ. ನನಗೆ ಭಯ ಆಗ್ತಿದೆ. ಇವಳಿಗೂ ಒಂದು ಕಾರಣ ಇರಬಹುದು, ಹುಡುಕೋಣ.

ಕಡಲತೀರ:
ಕಾರಣ ಉಂಟು. ಪುಟ 53. ಪಕ್ಕದ ಮನೆಯವರು ಫೋನ್ ಮಾಡಿದ್ದು ಅಂತ ಅವಳೇ ಹೇಳ್ತಾಳೆ, ಕೋರ್ಟಲ್ಲಿ ಆ ಫೋನಿನ ದಾಖಲೆಯನ್ನೂ ತೋರಿಸ್ತಾರೆ. ಹೊತ್ತು ಸರಿಯಾಗಿ ಕೂಡುತ್ತೆ.

ಬಯಲುಸೀಮೆ:
ನೋಡ್ರಿ ಮತ್ತ. ಮೇಷ್ಟ್ರು ಹೇಳಿದ್ದೇ ಖರೆ, ಅದು ಅಕಿ ತಲಿಯಾಗಿನ ಕತಿ. ಕೊಲಿ ಆಗಿಲ್ಲ.

ಹಾಳೆಹುಳ:
53 ನೋಡಿದೆ, ದಾಖಲೆ ಇದೆ, ಹೊತ್ತೂ ಸರಿ ಇದೆ. ಆದ್ರೆ ಆಂಬುಲೆನ್ಸ್ ಇನ್ನೂ ಬಂದಿಲ್ಲ, ಅವಳು ಕೂಗೂ ಹಾಕಿಲ್ಲ, ಬಾಗಿಲೂ ತೆಗೆದಿಲ್ಲ. ಪಕ್ಕದ ಮನೆಯವರಿಗೆ ಹೇಗೆ ಗೊತ್ತಾಯ್ತು?